ಉಗುರಿಗೆ ಬೂಷ್ಟು ಹಿಡಿದಾಗ
(ಶಾಲೆಯ ರಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಉಗುರಿನಂತಹ ಅಲ್ಪ ವಸ್ತುವಿಗೆ ಒಂದು ಭಾಷಣವೇ ಎಂದು ತಮ್ಮಲ್ಲಿ ಕೆಲವರು ನಗಬಹುದು. ಆದರೆ ಮಳೆಗಾಲದುದ್ದಕ್ಕೂ ಅಡಕೆ ತೋಟದಲ್ಲಿ, ಗದ್ದೆಯ ಕೆಸರಿನಲ್ಲಿ, ಹಟ್ಟಿಯಲ್ಲಿ, ಪಾತ್ರೆ ತೊಳೆಯುವಲ್ಲಿ ಕೈಕಾಲು ನೆನೆಸಿಕೊಂಡು ದುಡಿಯುವ ಈ ಕಾಸರಗೋಡಿನ ಸೀಮೆಗೆ ಅದು ಅಲ್ಪವಲ್ಲ. ನಮ್ಮಲ್ಲಿಗೆ ಚಿಕಿತ್ಸೆಗೆಂದು ಬಂದ ಗೃಹಿಣಿಯೊಬ್ಬರು, ಕೈಯುಗುರುಗಳು ಬಣ್ಣಗೆಟ್ಟು ದಪ್ಪಗಾದುವೆಂಬ ಸಂಕೋಚದಿಂದ, ಎರಡು ವರ್ಷಗಳ ಕಾಲ ಯಾವ ಮದುವೆಯ ಮನೆಯಲ್ಲಿಯೂ ಪಂಕ್ತಿಗೆ ಬಡಿಸಲು ನಿಂತಿರಲಿಲ್ಲ. ಆ ಸಂಕೋಚವೇ ನಮ್ಮ ಇಂದಿನ ಮಾತಿಗೆ ಕಾರಣ.

ಹಳೆಯ ರೊಟ್ಟಿಯ ಮೇಲೆ ಬೂಷ್ಟು ಬೆಳೆಯುವುದನ್ನು ಮಕ್ಕಳೆಲ್ಲರೂ ಕಂಡಿದ್ದೀರಿ. ಅದೇ ಶಿಲೀಂಧ್ರ ವರ್ಗದ ಕೆಲವು ಜೀವಿಗಳು ನಮ್ಮ ಉಗುರಿನ ಕೆರಾಟಿನ್ ಎಂಬ ದ್ರವ್ಯವನ್ನೇ ಆಹಾರ ಮಾಡಿಕೊಂಡು ಬದುಕುತ್ತವೆ. ಕಾಲುಗುರನ್ನು ಹೆಚ್ಚಾಗಿ ಕೆಡಿಸುವುದು ಟ್ರೈಕೋಫೈಟಾನ್ ರುಬ್ರಮ್ ಎಂಬುದು. ಅದು ಮೊದಲು ಕಾಲ್ಬೆರಳ ಸಂದಿನಲ್ಲಿ ತುರಿಕೆಯಾಗಿ ತೋರಿ, ಬಳಿಕ ಉಗುರಿನಡಿಗೆ ಸೇರುವುದುಂಟು. ಸದಾ ನೀರಿನಲ್ಲಿರುವ ಕೈಗಳ ಉಗುರನ್ನು ಕ್ಯಾಂಡಿಡಾ ಎಂಬ ಇನ್ನೊಂದು ಜಾತಿಯು ಹಿಡಿಯುತ್ತದೆ.

ಆದರೆ ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರವೇ ಶಿಲೀಂಧ್ರದಿಂದ ಕೆಟ್ಟವು. ಸೋರಿಯಾಸಿಸ್, ಹಳೆಯ ಪೆಟ್ಟು, ಬಿಗಿಯಾದ ಪಾದರಕ್ಷೆ ಇವೂ ಅದೇ ರೂಪವನ್ನು ತರಬಲ್ಲವು. ಆದುದರಿಂದ ಉಗುರಿನ ಚೂರನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸದೆ ತಿಂಗಳುಗಟ್ಟಲೆ ಗುಳಿಗೆ ನುಂಗುವುದು ವಿವೇಕವಲ್ಲ.

ಇನ್ನು ಔಷಧಗಳ ಮಾತು. ಗ್ರಿಸಿಯೋಫಲ್ವಿನ್ ಎಂಬ ದ್ರವ್ಯವನ್ನು ೧೯೩೯ರಲ್ಲಿ ಪೆನಿಸಿಲಿಯಮ್ ಜಾತಿಯ ಒಂದು ಬೂಷ್ಟಿನಿಂದಲೇ ಬೇರ್ಪಡಿಸಿದರು. ಅದನ್ನು ಬಾಯಿಯ ಮೂಲಕ ಕೊಟ್ಟರೆ ಪ್ರಾಣಿಗಳ ಹುಳುಕಡ್ಡಿ ಗುಣವಾಗುವುದೆಂದು ೧೯೫೮ರಲ್ಲಿ ಜೆಂಟಲ್ಸ್ ಎಂಬವರು ತೋರಿಸಿಕೊಟ್ಟರು. ಬೂಷ್ಟಿನ ಮದ್ದು ಬೂಷ್ಟಿನಲ್ಲೇ ದೊರೆತುದು ಪ್ರಕೃತಿಯ ವಿನೋದವೇ ಸರಿ. ಆದರೆ ಕಾಲುಗುರಿಗಾಗಿ ಅದನ್ನು ಒಂದು ವರ್ಷಕ್ಕೂ ಮಿಕ್ಕಿ ಸೇವಿಸಬೇಕಾಗುತ್ತಿತ್ತು. ಮುಂದೆ ಬಂದ ಕಿಟೊಕೊನಜೋಲ್ ಗುಳಿಗೆಯು ಯಕೃತ್ತಿಗೆ ಹಾನಿ ಮಾಡುವುದೆಂದು ಕಂಡುಬಂದುದರಿಂದ, ೨೦೧೩ರಿಂದೀಚೆಗೆ ಅದನ್ನು ಉಗುರಿನ ರೋಗಕ್ಕೆ ಕೊಡಬಾರದೆಂದು ಪಾಶ್ಚಾತ್ಯ ದೇಶಗಳ ಔಷಧ ನಿಯಂತ್ರಕರು ಎಚ್ಚರಿಸಿದರು.

ಇಂದು ಮುಖ್ಯವಾದವು ಎರಡು. ಟರ್ಬಿನಾಫಿನ್ ಶಿಲೀಂಧ್ರದ ಕೋಶಕ್ಕೆ ಹೊದಿಕೆಯನ್ನು ಕಟ್ಟುವ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತದೆ. ಪ್ರಾಯದವರಿಗೆ ದಿನಕ್ಕೆ ೨೫೦ ಮಿಲಿಗ್ರಾಂ. ಕೈಯುಗುರಿಗೆ ೬ ವಾರ, ಕಾಲುಗುರಿಗೆ ೧೨ ವಾರ. ಇಟ್ರಾಕೊನಜೋಲನ್ನು ತಿಂಗಳಿಗೆ ಒಂದು ವಾರದಂತೆ, ಕೈಯುಗುರಿಗೆ ಎರಡು ತಿಂಗಳು, ಕಾಲುಗುರಿಗೆ ಸಾಮಾನ್ಯವಾಗಿ ಮೂರು ತಿಂಗಳು ಕೊಡುವ ಕ್ರಮವಿದೆ. ಕ್ಯಾಂಡಿಡಾಕ್ಕೆ ಇದು ಹೆಚ್ಚು ಒಪ್ಪುತ್ತದೆ. ಹೃದಯದ ಬಲ ಕುಂದಿದವರಿಗೆ ಸಲ್ಲದು. ರೋಗವು ಉಗುರಿನ ತುದಿಯಲ್ಲಷ್ಟೇ ಇದ್ದರೆ ಅಮೊರಾಲ್ಫಿನ್, ಸೈಕ್ಲೋಪಿರಾಕ್ಸ್ ಮೊದಲಾದ ಲೇಪಗಳು ಸಾಲಬಹುದು. ಆದರೆ ಉಗುರಿನ ಬುಡದ ತನಕ ಅವುಗಳ ಕೈ ನಿಲುಕದು.

ಟರ್ಬಿನಾಫಿನ್ ಅಪರೂಪಕ್ಕೆ ಯಕೃತ್ತನ್ನು ಕೆಡಿಸುವುದುಂಟು. ಆದುದರಿಂದ ಮೊದಲೇ ರಕ್ತಪರೀಕ್ಷೆಯಾಗಬೇಕು. ಸೇವಿಸುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರವು ಕಡುಬಣ್ಣಕ್ಕೆ ತಿರುಗಿದರೆ, ಗುಳಿಗೆಯನ್ನು ನಿಲ್ಲಿಸಿ ಕೂಡಲೆ ವೈದ್ಯರನ್ನು ಕಾಣಬೇಕು. ಬೇರಾವುದೇ ಔಷಧ ಸೇವಿಸುತ್ತಿರುವವರೂ ಗರ್ಭಿಣಿಯರೂ ಆ ಸಂಗತಿಯನ್ನು ಮುಚ್ಚಿಡಬಾರದು.

ನಮಗೆ ಹೆಚ್ಚು ವ್ಯಥೆಯಾಗುವುದು ಎರಡು ತಪ್ಪುಗಳಿಂದ. ಮೊದಲನೆಯದು, ಅಂಗಡಿಯಿಂದ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು. ಅದು ತುರಿಕೆಯನ್ನು ಅಡಗಿಸುತ್ತದೆ, ಬೂಷ್ಟನ್ನು ಬೆಳೆಸುತ್ತದೆ. ಟರ್ಬಿನಾಫಿನ್‌ಗೆ ಬಗ್ಗದ ಹುಳುಕಡ್ಡಿಯ ಒಂದು ಜಾತಿ ನಮ್ಮ ದೇಶದಲ್ಲಿ ಹಬ್ಬಿದ್ದು, ೨೦೨೦ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಎರಡನೆಯದು, ಆತುರ. ಕೈಯುಗುರು ತಿಂಗಳಿಗೆ ಸುಮಾರು ೩ ಮಿಲಿಮೀಟರು ಬೆಳೆಯುತ್ತದೆ. ಕಾಲುಗುರು ಅದರ ಅರ್ಧ ಬೆಳೆದರೆ ಹೆಚ್ಚು. ಕೆಟ್ಟ ಉಗುರನ್ನು ಔಷಧವು ಸರಿಪಡಿಸುವುದಿಲ್ಲ. ಹೊಸದಾಗಿ ಹುಟ್ಟುವ ಉಗುರನ್ನು ಕಾಯುತ್ತದೆ. ಮೂರು ವಾರಕ್ಕೆ ಗುಣ ಕಾಣಲಿಲ್ಲವೆಂದು ಗುಳಿಗೆ ಬಿಟ್ಟವರು ಹಣವನ್ನೂ ಕಳೆದುಕೊಂಡರು, ಗುಣವನ್ನೂ ಕಳೆದುಕೊಂಡರು. ಪೂರ್ಣಾವಧಿ ಸೇವಿಸಿದರೂ ಎಲ್ಲರಿಗೂ ಗುಣವಾಗುವುದೆಂದು ನಾವು ಭಾಷೆ ಕೊಡಲಾರೆವು, ಮರುಕಳಿಸುವುದೂ ಉಂಟು.

ವಿದ್ಯಾರ್ಥಿಗಳೇ, ನಿಮ್ಮ ಉಗುರು ಬೇಗ ಬೆಳೆಯುವುದರಿಂದ ಈ ರೋಗ ನಿಮಗೆ ಬರುವುದು ವಿರಳ. ಬಂದರೆ, ಮನೆಯ ಹಿರಿಯರ ಕಾಲನ್ನೂ ನೋಡಬೇಕು. ಉಗುರು ಕತ್ತರಿಸುವ ಸಾಧನ ಒಬ್ಬೊಬ್ಬರಿಗೆ ಬೇರೆಯಿರಲಿ. ಶಾಲೆಯಿಂದ ನೆನೆದು ಬಂದಾಗ ಬೆರಳ ಸಂದುಗಳನ್ನು ಒರಸಿಕೊಳ್ಳಿರಿ. ಅಜ್ಜ ಅಜ್ಜಿಯರಿಗೆ ಮಧುಮೇಹವಿದ್ದರೆ ಅವರ ಪಾದವನ್ನು ದಿನಕ್ಕೊಮ್ಮೆ ನೀವೇ ನೋಡಿರಿ. ದಪ್ಪಗಾದ ಉಗುರು ಒತ್ತಿ ಆದ ಸಣ್ಣ ಗಾಯವು ಅವರಿಗೆ ದೊಡ್ಡ ಹುಣ್ಣಾಗಬಲ್ಲುದು.

ಆ ಗೃಹಿಣಿಯ ಪರೀಕ್ಷೆಯಲ್ಲಿ ಕ್ಯಾಂಡಿಡಾ ಕಂಡಿತು. ಮುಲಾಮನ್ನು ಬಿಡಿಸಿದೆವು, ಇಟ್ರಾಕೊನಜೋಲ್ ಕೊಟ್ಟೆವು. ಪಾತ್ರೆ ತೊಳೆಯುವ ಕೆಲಸವನ್ನು ಮನೆಯವರು ಹಂಚಿಕೊಂಡರು. ಅರ್ಧ ವರ್ಷ ಕಳೆದ ಮೇಲೆ ಅವರು ಮಗಳ ಮದುವೆಯ ಆಮಂತ್ರಣದೊಡನೆ ಬಂದರು. ಅಂದು ನಮ್ಮ ಎಲೆಗೆ ಪಾಯಸ ಬಡಿಸಿದವರು ಅವರೇ.

ನಾಚಿಕೆಯಿಂದ ಕೈಯನ್ನು ಮರೆಮಾಡಿಕೊಂಡಿರುವವರು ಇಲ್ಲಿಯೂ ಇರಬಹುದು. ಅವರು ಪರೀಕ್ಷೆಗೆ ಮುಂದಾಗಲೆಂದು ಹಾರೈಸುತ್ತೇವೆ.