ಗಾಡಿ ಕಲಿಯುವ ನಮ್ಮ ಹುಡುಗರು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕವನ್ನು ಕಾರ್ಯದರ್ಶಿಗಳು ಓದಿದ್ದಾರೆ. ನಾವು ಆಡಹೊರಟಿರುವುದು ನಮ್ಮ ಹುಡುಗರು ಗಾಡಿ ಓಡಿಸುವ ಮಾತು.

ನಮ್ಮ ಹುಡುಗರು ಮೋಟಾರ್ ಬೈಕು ಕಲಿಯುವುದು ಭದ್ರಾವತಿಯ ನ್ಯೂ ಟೌನಿನಲ್ಲಿ. ಅಗಲವಾದ ರಸ್ತೆ, ಮರದ ನೆರಳು, ಭಾನುವಾರ ಜನವೂ ಕಮ್ಮಿ. ಕ್ಲಚ್ಚು, ಗೇರು, ಬ್ರೇಕು ಹದಿನೈದು ದಿನದಲ್ಲಿ ಕೈಗೆ ಬರುತ್ತದೆ. ಆಮೇಲೆ ಆರ್.ಟಿ.ಓ. ಕಚೇರಿಯಲ್ಲಿ ಕಾಲೂರದೆ 'ಎಂಟು' ಹಾಕಿದರೆ ಲೈಸೆನ್ಸು. ಆ ಎಂಟರ ಮಧ್ಯೆ ಎಮ್ಮೆ ಅಡ್ಡ ಬರುವುದಿಲ್ಲವಲ್ಲ!

ನಮ್ಮ ಅಣ್ಣನ ಮಗ ಲೈಸೆನ್ಸು ಸಿಕ್ಕಿದ ವಾರವೇ ಬಿದ್ದ. ಸಂಜೆ ಹೊತ್ತು, ಊರ ತಿರುವಿನಲ್ಲಿ ಒಕ್ಕಣೆಗೆ ಹುರುಳಿ ಹರಡಿತ್ತು. "ಕಂಡಿತ್ತು ಚಿಕ್ಕಪ್ಪ, ಜಾರುತ್ತೆ ಅಂತ ಹೊಳೀಲಿಲ್ಲ" ಅಂದ. ಮೊಣಕಾಲಿನ ಚಿಪ್ಪು ಒಡೆದು ಮೂರು ತಿಂಗಳು ಮಲಗಿದ. ಹುರುಳಿ ಯಾರದ್ದು ಅಂತ ಊರೆಲ್ಲ ಕೇಳಿತು. ನಮ್ಮದೇ.

ಕಾಣುವುದು ಬೇರೆ, ಮುಂದೆ ಏನಾಗಬಹುದೆಂದು ಹೊಳೆಯುವುದು ಬೇರೆ. ಹೊಸಬನ ಕಣ್ಣು ಮುಂದಿನ ಚಕ್ರದ ಹತ್ತಿರವೇ ಇರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು, ಅಂದರೆ 55 ಅಡಿ ಓಡುತ್ತದೆ. ಅಯ್ಯೋ ಅನ್ನುವುದರೊಳಗೆ ಅಷ್ಟು ದೂರ ಹೋಗಿರುತ್ತದೆ, ಬ್ರೇಕು ಇನ್ನೂ ಒತ್ತಿರುವುದಿಲ್ಲ.

ಬ್ರಿಟನ್ನಿನಲ್ಲಿ 2002ರಿಂದ ಇದಕ್ಕೇ ಒಂದು ಪರೀಕ್ಷೆ ಇದೆ. ರಸ್ತೆಯ ಫಿಲಂ ತೋರಿಸುತ್ತಾರೆ. ಅಪಾಯ ಮೂಡುವುದು ಕಂಡ ಕೂಡಲೇ ಗುಂಡಿ ಒತ್ತಬೇಕು, ಬೇಗ ಗುರುತಿಸಿದರೆ ಹೆಚ್ಚು ಅಂಕ. ನಮಗೆ ಅಂಥ ಯಂತ್ರ ಬೇಕಿಲ್ಲ. ಲೈಸೆನ್ಸು ಇರುವ ಹಿರಿಯರೊಬ್ಬರು ಹಿಂದೆ ಕೂತು, "ಏನು ಕಾಣ್ತಿದೆಯೋ? ಮುಂದೇನಾಗಬಹುದು?" ಅಂತ ಕೇಳುತ್ತಾ ಹೋದರೆ ಸಾಕು. ಹುಡುಗ ಬಾಯಿಬಿಟ್ಟು ಹೇಳಬೇಕು: ಬಸ್ಸು ನಿಂತಿದೆ, ಅದರ ಮುಂದಿನಿಂದ ಯಾರಾದರೂ ದಾಟಬಹುದು. ಎಮ್ಮೆ ದಾಟಿತು, ಕರು ಇನ್ನೂ ಈಚೆ ಇದೆ. ಚೆಂಡು ಉರುಳಿ ಬಂತು, ಹಿಂದೆಯೇ ಮಗು. ಕತ್ತಲಲ್ಲಿ ಎದುರಿನ ಲೈಟು ಕಣ್ಣಿಗೆ ಹೊಡೆಯುತ್ತಿದೆ, ಆಚೆ ಹಿಂದಿನ ದೀಪವಿಲ್ಲದ ಹುಲ್ಲಿನ ಟ್ರೈಲರು ಇರಬಹುದು, ನಿಧಾನ ಮಾಡುತ್ತೇನೆ. ಮೊದಮೊದಲು ನಾಚಿಕೆ ಪಡುತ್ತಾರೆ, ಪಡಲಿ. ಎಲ್.ಎಲ್.ಆರ್. ಸಿಕ್ಕಿ 30 ದಿನ ಆಗುವವರೆಗೆ ಹೇಗೂ ಪರೀಕ್ಷೆ ಇಲ್ಲ. ಆ ದಿನಗಳನ್ನು ಇದಕ್ಕೆ ಬಳಸಿ.

ಇನ್ನು ಹದಿನೆಂಟು ತುಂಬದವನಿಗೆ ಗೇರಿನ ಬೈಕಿನ ಕೀಲಿ ಕೊಡುವ ಅಪ್ಪಂದಿರು ಇಲ್ಲೇ ಕೂತಿದ್ದೀರಿ. 2019ರ ತಿದ್ದುಪಡಿಯಂತೆ ದಂಡ 25,000 ರೂಪಾಯಿ, ಜೈಲೂ ಆಗಬಹುದು, ಅದೂ ನಿಮಗೇ.

ಅಧ್ಯಕ್ಷರಲ್ಲಿ ಒಂದು ಕೋರಿಕೆ. ಸಂಘದ ಗೋದಾಮಿನ ಮುಂದಿನ ಸಿಮೆಂಟು ಅಂಗಳವನ್ನು ಈ ಸುಗ್ಗಿಯಿಂದ ಒಕ್ಕಣೆಗೆ ಬಿಟ್ಟುಕೊಡಬೇಕು. ಮೊದಲ ಗಾಡಿ ಹುರುಳಿ ನಾವೇ ತಂದು ಹಾಕುತ್ತೇವೆ.