ಲಾರಿ ಹತ್ತಲಿರುವ ತರುಣರಿಗೆ

(ಬೈಲಹೊಂಗಲದಲ್ಲಿ ಗಿರಣಿ ಕಾಮಗಾರರು, ಸಣ್ಣ ವ್ಯಾಪಾರಿಗಳು ಹಾಗೂ ಲಾರಿ ಕೆಲಸಕ್ಕೆ ಸೇರಲಿರುವ ತರುಣರ ಮುಂದೆ ಮಾಡಿದ ಭಾಷಣ)



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಗಳಿಂದ ತರುಣರು ದೂರದ ಲಾರಿಗಳ ಮೇಲೆ ದುಡಿಯಲು ಹೊರಟಿದ್ದಾರೆ. ಯಾಕೆ ಹೊರಟರೆಂದು ನಾವು ಯಾರನ್ನೂ ಕೇಳಬೇಕಾಗಿಲ್ಲ. ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ಹೊಲ ತುಂಡಾಗಿದೆ. ಮಳೆಯನ್ನು ನಂಬಿದ ಹತ್ತಿ ಒಂದು ವರ್ಷ ಕೊಟ್ಟರೆ ಮರುವರ್ಷ ಕೈಯೆತ್ತುತ್ತದೆ. ಕಬ್ಬು ಸಾಗಿಸುವ ಕೆಲಸ ಕಾರಖಾನೆಯ ಹಂಗಾಮಿನೊಡನೆ ಮುಗಿಯುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ನೇಕಾರರ ಮನೆಗಳನ್ನು ಹೊಕ್ಕಾಗ ಮಗ್ಗಗಳು ನೀರುಪಾಲಾದವು. ಹೀಗಿರುವಾಗ ಕಿತ್ತೂರಿನ ಮಗ್ಗುಲಲ್ಲೇ ಪುಣೆ-ಬೆಂಗಳೂರು ಹೆದ್ದಾರಿ ಹಗಲುರಾತ್ರಿ ಹರಿಯುತ್ತಿದೆ. ಅದರ ಮೇಲೆ ದುಡಿಮೆ ಇದೆಯೆಂದು ಕಂಡ ತರುಣ ಅತ್ತ ನಡೆದರೆ ತಪ್ಪೇನು?

ಹೋಗಬೇಡಿರೆಂದು ಹೇಳಲು ನಾವು ಬಂದಿಲ್ಲ. ಹೋಗುವವನು ತಾನು ಏನನ್ನು ಮಾರುತ್ತಿದ್ದೇನೆಂಬುದನ್ನು ತಿಳಿದು ಹೋಗಲಿ, ಇಷ್ಟೇ ನಮ್ಮ ಮಾತು.

ಮೊದಲು ಕಾಗದಪತ್ರದ ವಿಷಯ. ಸಾಗಾಣಿಕೆ ವಾಹನ ನಡೆಸಲು 20 ವರ್ಷ ತುಂಬಿರಬೇಕು. ಹಗುರ ಮೋಟಾರಿನ ಲೈಸೆನ್ಸು ಪಡೆದು ಒಂದು ವರ್ಷ ಕಳೆದ ಮೇಲೆಯೇ ಭಾರಿ ಲಾರಿಯ ಕಲಿಕೆಯ ಲೈಸೆನ್ಸು ಸಿಗುತ್ತದೆ. ಎಂಟನೆಯ ಇಯತ್ತೆ ಪಾಸಾಗಿರಬೇಕೆಂಬ ನಿಯಮ 2019ರವರೆಗೆ ಇತ್ತು. ಈಗ ಅದಿಲ್ಲ. ಶಾಲೆ ಬಿಟ್ಟವನಿಗೂ ಬಾಗಿಲು ತೆರೆಯಿತು, ಒಳ್ಳೆಯದೇ. ಆದರೆ ವಿಮೆ, ಪರ್ಮಿಟ್ಟು, ಸರಕಿನ ಬಿಲ್ಲು ಇವನ್ನು ಓದಿ ತಿಳಿಯಲಾರದವನು ಇನ್ನೊಬ್ಬರು ಹೇಳಿದಲ್ಲಿ ಸಹಿ ಹಾಕುತ್ತಾನೆ. ಓದು ಬಾರದವನು ಲೈಸೆನ್ಸಿನ ಜೊತೆಗೇ ಅಕ್ಷರವನ್ನೂ ಕಲಿಯಲಿ. ಗಿರಣಿಯಲ್ಲಿ ದುಡಿಯುವ ಅಣ್ಣಂದಿರು ಕಲಿಸಲಿ.

ಹಿಂದೆ ಈ ವಿದ್ಯೆಯನ್ನು ಕಲಿಸುತ್ತಿದ್ದುದು ಲಾರಿಯೇ. ಹುಡುಗ ಕ್ಲೀನರನಾಗಿ ಹತ್ತಿ, ತಾಡಪತ್ರಿ ಕಟ್ಟಿ, ಗಾಲಿ ಬಿಚ್ಚಿ, ಉಸ್ತಾದನ ಬೈಗುಳ ತಿಂದು, ಘಟ್ಟದ ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಇಳಿಯಬೇಕೆಂಬುದನ್ನು ಕಿವಿಯಿಂದಲೇ ಕಲಿಯುತ್ತಿದ್ದ. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರನೇ ಇಲ್ಲ. ಹೊಸಬ ನೇರವಾಗಿ ಸ್ಟೇರಿಂಗಿನ ಮುಂದೆ ಕೂಡುತ್ತಾನೆ. ಆದುದರಿಂದ ಮೊದಲ ಕೆಲವು ತಿಂಗಳು ಅನುಭವಿ ಚಾಲಕನ ಜೊತೆಗೇ ಹೋಗುತ್ತೇನೆಂದು ಹಟ ಹಿಡಿಯಿರಿ. ಪಗಾರ ಸ್ವಲ್ಪ ಕಡಿಮೆಯಾದರೂ ಆಗಲಿ.

ನಮ್ಮ ಕಡೆ ಈ ಧಂದೆಯ ಮಾತು ಬಂದರೆ ವಿಜಯ ಸಂಕೇಶ್ವರರ ಹೆಸರು ಬಂದೇ ಬರುತ್ತದೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಅವರು ಆರಂಭಿಸಿದ ಸಾಗಾಣಿಕೆ ಇಂದು ವಿಆರ್‌ಎಲ್ ಎಂಬ ದೊಡ್ಡ ಕಂಪನಿಯಾಗಿ ಬೆಳೆದಿದೆ. ಆ ಶ್ರಮ, ಆ ಚಾತುರ್ಯ ಸಣ್ಣದೆಂದು ನಾವು ಹೇಳುವುದಿಲ್ಲ. ಆದರೆ ಅವರು ಆರಂಭಿಸಿದ್ದು ಲಾರಿಯ ಮಾಲಕರಾಗಿ. ಗದಗಿನಲ್ಲಿ ಅವರ ಮನೆತನಕ್ಕೆ ಮುದ್ರಣದ ವ್ಯವಹಾರವೂ ಇತ್ತು. ನೀವು ಆರಂಭಿಸುವುದು ಬರೀ ಲೈಸೆನ್ಸಿನಿಂದ. ಒಂದು ಲಾರಿಯಿಂದ ಸಾವಿರ ಲಾರಿಯಾದ ಕಥೆಯನ್ನು ಹೇಳಿ ನಿಮ್ಮನ್ನು ಎರಡು ರಾತ್ರಿ ಎಚ್ಚರವಾಗಿ ಕೂಡಿಸುವವರಿದ್ದಾರೆ. ಆ ಕಥೆ ಕೇಳಿರಿ, ಮೆಚ್ಚಿರಿ. ಆದರೆ ಅದು ನಿಮ್ಮ ಪಗಾರದ ಲೆಕ್ಕವಲ್ಲವೆಂಬುದನ್ನು ಮರೆಯಬೇಡಿರಿ.

ಹಾಗಾದರೆ ಚಾಲಕ ಮಾರುವುದೇನು? ಗಾಲಿ ತಿರುಗಿಸುವ ಕೌಶಲ್ಯವನ್ನಷ್ಟೇ ಅಲ್ಲ, ತನ್ನ ನಿದ್ದೆಯನ್ನು ಮಾರುತ್ತಾನೆ.

ಗಿರಣಿ ಕಾಮಗಾರರಿಗೆ ಇದು ಬೇಗ ತಿಳಿಯುತ್ತದೆ. ನಮ್ಮ ಜಿಲ್ಲೆಯ ಗೋಕಾಕ ಫಾಲ್ಸಿನಲ್ಲಿ 1880ರ ದಶಕದಲ್ಲಿಯೇ ಗಿರಣಿ ನಿಂತಿತು. ಆ ಕಾಲದ ಕಾಮಗಾರನಿಗೆ ಹೊತ್ತಿನ ಮಿತಿಯೇ ಇರಲಿಲ್ಲ. 1922ರಲ್ಲಿ ಕಾರಖಾನೆ ಕಾಯದೆ ವಾರಕ್ಕೆ 60 ತಾಸು ಎಂದಿತು, 1934ರಲ್ಲಿ 54 ಎಂದಿತು, 1946ರಲ್ಲಿ 48ಕ್ಕೆ ಇಳಿಯಿತು. ಇವು ಯಾರ ದಯೆಯಿಂದಲೂ ಬಂದವಲ್ಲ. ಮುಷ್ಕರ ಹೂಡಿ, ಹೊಟ್ಟೆ ಕಟ್ಟಿ ಪಡೆದ ತಾಸುಗಳು. ಇಂದು ಭೋಂಗಾ ಕೂಗಿದರೆ ಕಾಮಗಾರ ಮನೆಗೆ ಹೋಗುತ್ತಾನೆ. ಲಾರಿಗೆ ಭೋಂಗಾ ಇಲ್ಲ.

ಕಾಯದೆಯೇ ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ಕಟ್ಟು ಹಾಕಿತ್ತು. ದೂರದ ಹಾದಿಗೆ ಅನುಮತಿ ಪಡೆದು 10 ತಾಸು. ಐದು ತಾಸು ದುಡಿದರೆ ಅರ್ಧ ತಾಸು ವಿಶ್ರಾಂತಿ, ವಾರಕ್ಕೊಂದು ದಿನ ರಜೆ. ಆದರೆ ಐದು ಜನರಿಗಿಂತ ಕಡಿಮೆ ಇದ್ದ ಸಂಸ್ಥೆಗೆ ಅದು ಮುಟ್ಟಲಿಲ್ಲ. ಒಂದೆರಡು ಲಾರಿಯ ಮಾಲಕನ ಬಳಿ ದುಡಿಯುವವನಿಗೆ ಅದು ಹೆಸರಿಗಷ್ಟೇ ಆಯಿತು. ಈಗ ಆ ಕಾಯದೆ 2020ರ ಕಾರ್ಮಿಕ ಸಂಹಿತೆಯಲ್ಲಿ ಸೇರಿದೆ, ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಐದು ಇದ್ದ ಮಿತಿ ಹತ್ತಾಗಿದೆ. ಹೊಸ ಕಾಯದೆ ಹೆಚ್ಚು ಜನರನ್ನು ಒಳಗೆ ಕರೆದುಕೊಂಡಿತೋ ಹೊರಗೆ ನಿಲ್ಲಿಸಿತೋ, ನೀವೇ ಎಣಿಸಿರಿ.

ಇನ್ನೊಂದು ನಿಯಮವೂ ಇತ್ತು. ರಾಷ್ಟ್ರೀಯ ಪರ್ಮಿಟ್ಟಿನ ಲಾರಿಯಲ್ಲಿ ಇಬ್ಬರು ಚಾಲಕರು ಇರಬೇಕು, ಒಬ್ಬ ನಡೆಸುವಾಗ ಇನ್ನೊಬ್ಬ ಮಲಗಬೇಕು. 2018ರಲ್ಲಿ ಅದನ್ನೂ ಸಡಿಲಿಸಿದರು. ಎರಡನೆಯವನ ಪಗಾರ ಉಳಿಯಿತು. ಅವನ ಪಾಲಿನ ಎಚ್ಚರ ಮೊದಲನೆಯವನ ಕಣ್ಣಿನ ಮೇಲೆ ಬಿತ್ತು. ಯುರೋಪಿನ ದೇಶಗಳಲ್ಲಿ ಲಾರಿ ಚಾಲಕ ನಾಲ್ಕೂವರೆ ತಾಸು ನಡೆಸಿದ ಮೇಲೆ 45 ಮಿನಿಟು ನಿಲ್ಲಲೇಬೇಕು. ಸಾಮಾನ್ಯವಾಗಿ ದಿನಕ್ಕೆ 9 ತಾಸಿಗಿಂತ ಹೆಚ್ಚು ನಡೆಸಕೂಡದು. ಎಷ್ಟು ನಡೆಸಿದ, ಎಲ್ಲಿ ನಿಂತ ಎಂಬುದನ್ನು ಗಾಡಿಯೊಳಗಿನ ಯಂತ್ರವೇ ಬರೆದುಕೊಳ್ಳುತ್ತದೆ. ಅಲ್ಲಿಯ ಸರಕು ಮುಟ್ಟುವುದು ನಿಂತಿಲ್ಲ, ಅಂಗಡಿಗಳು ಮುಚ್ಚಿಲ್ಲ.

ನಮ್ಮ ಹಾದಿಯ ಲೆಕ್ಕ ಹಾಕೋಣ. ಬೈಲಹೊಂಗಲದಿಂದ ಬೆಂಗಳೂರಿಗೆ ಸುಮಾರು 470 ಕಿಲೋಮೀಟರು. ಸರಕು ತುಂಬಿದ ಲಾರಿ ತಾಸಿಗೆ ಸರಾಸರಿ 40ರಂತೆ ಹೋದರೆ ಹನ್ನೆರಡು ತಾಸು ಆಗುತ್ತದೆ. ಸರಕು ತುಂಬುವ ಹೊತ್ತು, ಇಳಿಸುವ ಹೊತ್ತು ಬೇರೆ. ಒಬ್ಬನೇ ಮನುಷ್ಯ ಇದನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕೆಂದು ಯಾರು ಹೇಳಿದರು? ಸರಕಾರ ಹೇಳಿಲ್ಲ. 50,000 ರೂಪಾಯಿಗಿಂತ ಹೆಚ್ಚಿನ ಸರಕಿಗೆ ಬೇಕಾದ ಇ-ವೇ ಬಿಲ್ಲು 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ ಕೊಡುತ್ತದೆ. ಅಂದರೆ ಬೆಂಗಳೂರಿಗೆ ಮೂರು ದಿನ. ಸರಕಾರದ ಕಾಗದ ಮೂರು ದಿನ ಕೊಟ್ಟ ಹಾದಿಯನ್ನು ಚಾಲಕ ಒಂದೇ ರಾತ್ರಿಯಲ್ಲಿ ಓಡುತ್ತಾನೆ. ನಡುವಿನ ಆ ಹೊತ್ತು ಎಲ್ಲಿ ಹೋಯಿತು? ಮುಂದಿನ ಬಾಡಿಗೆಗೆ ಹೋಯಿತು.

2017ರ ಜುಲೈ 1ರಂದು ಜಿಎಸ್‌ಟಿ ಬಂದು ತೆರಿಗೆಯ ಚೆಕ್‌ಪೋಸ್ಟುಗಳು ಹೋದವು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗು ಕಡ್ಡಾಯವಾಗಿ ಟೋಲ್ ನಾಕೆಯ ಸಾಲು ಕಡಿಮೆಯಾಯಿತು. ಹೀಗೆ ಉಳಿದ ತಾಸುಗಳಲ್ಲಿ ಒಂದಾದರೂ ಚಾಲಕನ ನಿದ್ದೆಗೆ ಸೇರಿತೇ?

‘ಟ್ರಿಪ್ಪು ಹೆಚ್ಚಾದರೆ ಹಣ ಹೆಚ್ಚು, ನಿಮಗೇನು ಕಷ್ಟ?’ ಎಂದು ತರುಣರೇ ನಮ್ಮನ್ನು ಕೇಳುತ್ತಾರೆ. ಅವರಿಗೆ ನಾವು ಹೇಳುವುದು ಒಂದೇ ಲೆಕ್ಕ. ಒಂದು ಟ್ರಿಪ್ಪಿಗೆ ಸಿಕ್ಕ ಹಣ ಮತ್ತು ಭತ್ತೆಯಲ್ಲಿ ಹಾದಿಯ ಊಟದ ಖರ್ಚು ಕಳೆಯಿರಿ. ಉಳಿದದ್ದನ್ನು ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗಿನ ಎಲ್ಲ ತಾಸುಗಳಿಂದ ಭಾಗಿಸಿರಿ. ಗೋದಾಮಿನ ಮುಂದೆ ಕಾಯ್ದ ತಾಸು, ಹಮಾಲರು ಬರುವವರೆಗೆ ಕುಳಿತ ತಾಸು, ಹಿಂದಿರುಗಲು ಸರಕು ಸಿಗದೆ ಲಾರಿಯ ಕೆಳಗೆ ಮಲಗಿದ ತಾಸು ಎಲ್ಲವೂ ಸೇರಲಿ. ಆ ಮೊತ್ತವನ್ನು ನಿಮ್ಮೂರಿನ ಗೌಂಡಿಯ ಕೈಕೆಳಗಿನ ಕೂಲಿಯೊಡನೆ ತೂಗಿ ನೋಡಿರಿ. ಟ್ರಿಪ್ಪಿನ ಲೆಕ್ಕದಲ್ಲಿ ಮಾಲಕ ಚಾಬೂಕು ಹಿಡಿಯಬೇಕಾಗಿಲ್ಲ, ದುಡಿಯುವವನು ತನ್ನ ಬೆನ್ನಿಗೆ ತಾನೇ ಬಡಿದುಕೊಳ್ಳುತ್ತಾನೆ.

ಮಾಲಕರೆಲ್ಲ ಕೆಟ್ಟವರೆಂದು ನಾವು ಹೇಳುವುದಿಲ್ಲ. ಒಂದೇ ಲಾರಿಯ ಮಾಲಕ ಸಾಲದ ಕಂತಿಗೆ ಸಿಕ್ಕು, ಬಾಡಿಗೆ ಕೊಡಿಸುವ ದಲಾಲಿಯ ಮುಂದೆ ಕೈಕಟ್ಟಿ ನಿಂತಿರುತ್ತಾನೆ. ದೊಡ್ಡವರು ಇಳಿಸಿದ ಬಾಡಿಗೆಗೆ ಅವನೂ ಇಳಿಯಬೇಕು. ಅವನು ಹೇರುವ ಹೆಚ್ಚಿನ ಭಾರ, ಹೆಚ್ಚಿನ ಓಟ ಎರಡೂ ಚಾಲಕನ ಮೇಲೆ ಬೀಳುತ್ತವೆ. ಮಿತಿ ಮೀರಿ ಹೇರಿದರೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಟನ್ನಿಗೆ 2,000. ಆದರೆ ಇಳಿಜಾರಿನಲ್ಲಿ ಬ್ರೇಕು ಸೋತರೆ ಅದರ ದಂಡವನ್ನು ಕೊಡುವವನು ಒಬ್ಬನೇ.

ಸಣ್ಣ ವ್ಯಾಪಾರಿ ಬಂಧುಗಳಿಗೂ ನಮ್ಮದೊಂದು ವಿನಂತಿ. ಬೆಳಗಿನೊಳಗೆ ಸರಕು ಅಂಗಡಿಗೆ ಬರಬೇಕೆಂದು ಫೋನಿನಲ್ಲಿ ಅವಸರ ಮಾಡುವವರು ನಾವೇ. ಬಂದ ಲಾರಿಯನ್ನು ಮಧ್ಯಾಹ್ನದವರೆಗೆ ಬಾಗಿಲಲ್ಲಿ ನಿಲ್ಲಿಸುವವರೂ ನಾವೇ. ಹೇಳಿದ ಹೊತ್ತಿಗೆ ಗೋದಾಮು ತೆರೆಯಿರಿ. ಕಾಯಿಸಿದರೆ ಕಾಯಿಸಿದ ಹಣ ಕೊಡಿರಿ. ಬಂದವನಿಗೆ ಕುಡಿಯುವ ನೀರು, ಕಾಲುಚಾಚಲು ನೆರಳು, ಶೌಚಕ್ಕೆ ಜಾಗ ತೋರಿಸಿರಿ. ನಿಮ್ಮ ಸರಕು ಬಂದದ್ದು ಒಬ್ಬ ಮನುಷ್ಯನ ಜೊತೆ.

ಚಾಲಕರು ಒಟ್ಟಾದರೆ ಏನಾಗುತ್ತದೆಂಬುದನ್ನು ದೇಶ 2024ರ ಜನವರಿಯಲ್ಲಿ ಕಂಡಿತು. ಅಪಘಾತ ಮಾಡಿ, ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಸೆರೆಯೆಂಬ ಹೊಸ ನ್ಯಾಯ ಸಂಹಿತೆಯ ಕಲಮಿನ ವಿರುದ್ಧ ಲಾರಿಗಳು ನಿಂತವು. ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಕಲಮನ್ನು ಮಾತ್ರ ತಡೆಹಿಡಿದಿದ್ದರು. ಗಾಯಾಳುವನ್ನು ಬಿಟ್ಟು ಓಡುವುದನ್ನು ನಾವು ಎಂದೂ ಸಮರ್ಥಿಸುವುದಿಲ್ಲ. ಜನ ಬಡಿಯುವರೆಂಬ ಭಯವಿದ್ದರೆ ಹತ್ತಿರದ ಪೋಲೀಸು ಠಾಣೆಗೆ ಹೋಗಿ ತಿಳಿಸಿರಿ, ಮೋಟಾರು ಕಾಯದೆ ಆ ಭಯವನ್ನೂ ಲೆಕ್ಕಕ್ಕೆ ಹಿಡಿದಿದೆ. ಆದರೆ ನಾವು ಕೇಳುವುದು ಬೇರೆ. ಅಪಘಾತದ ನಂತರದ ಶಿಕ್ಷೆಗೆ ಹೆದರಿ ಲಾರಿ ನಿಲ್ಲಿಸಿದವರು, ಅಪಘಾತಕ್ಕೆ ಮೊದಲಿನ ನಿದ್ದೆಗಾಗಿ ಯಾಕೆ ನಿಲ್ಲಿಸಬಾರದು? 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾಗಿದೆ. ಸಂತೋಷ. ಆದರೆ ತಂಪಾದ ಕ್ಯಾಬಿನ್ನಿನಲ್ಲಿಯೂ ನಿದ್ದೆಗೆಟ್ಟ ಕಣ್ಣು ಮುಚ್ಚುತ್ತದೆ.

ತರುಣರೇ, ಲಾರಿ ಹತ್ತುವ ಮೊದಲು ಇಷ್ಟು ಮಾಡಿರಿ. ನೇಮಕದ ಮಾತನ್ನು ಬರಹದಲ್ಲಿ ಪಡೆಯಿರಿ. ಪಗಾರ ಎಷ್ಟು, ಭತ್ತೆ ಎಷ್ಟು, ಕಾಯಿಸಿದರೆ ಎಷ್ಟು ಎಂಬುದು ಅದರಲ್ಲಿ ಇರಲಿ. ನಾಳೆ ಏನಾದರೂ ಆದರೆ ನಷ್ಟಪರಿಹಾರ ಕೇಳಲು ಮನೆಯವರ ಕೈಯಲ್ಲಿ ಇರುವುದು ಆ ಒಂದು ಹಾಳೆ. ಮುಂಗಡ ಹೆಚ್ಚು ತೆಗೆದುಕೊಳ್ಳಬೇಡಿರಿ, ಮುಂಗಡ ತಿಂದವನ ಬಾಯಿ ಮೊದಲು ಕಟ್ಟುತ್ತದೆ. ರಾಜ್ಯದ ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿರಿ. ಅಪಘಾತದಲ್ಲಿ ಸತ್ತ ಚಾಲಕನ ಕುಟುಂಬಕ್ಕೆ ಅಲ್ಲಿ 5 ಲಕ್ಷ ರೂಪಾಯಿ ಪರಿಹಾರವಿದೆ. ಒಂದು ಸಣ್ಣ ವಹಿಯಲ್ಲಿ ದಿನದಿನದ ತಾಸು ಬರೆದಿಡಿರಿ. ನಡೆಸಿದ್ದು ಎಷ್ಟು, ಕಾಯ್ದದ್ದು ಎಷ್ಟು, ಮಲಗಿದ್ದು ಎಷ್ಟು. ರಾತ್ರಿ ಎರಡರಿಂದ ಐದರವರೆಗೆ ಆಕಳಿಕೆ ಬಂದರೆ ಚಹಾ, ತಂಬಾಕು ಅದಕ್ಕೆ ಔಷಧವಲ್ಲ. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ ಮಲಗಿರಿ.

ಒಬ್ಬನೇ ಇದನ್ನು ಕೇಳಿದರೆ ‘ನೀನಲ್ಲದಿದ್ದರೆ ಇನ್ನೊಬ್ಬ’ ಎಂಬ ಉತ್ತರ ಬರುತ್ತದೆ. ಆ ಇನ್ನೊಬ್ಬನೂ ಸವದತ್ತಿಯವನೋ ರಾಮದುರ್ಗದವನೋ ಆಗಿರುತ್ತಾನೆ. ಅವನ ಜೊತೆ ಮೊದಲೇ ಮಾತಾಡಿರಿ. ಕೆಎ 24ರ ಲಾರಿ ಯಾವ ಧಾಬಾದಲ್ಲಿ ಕಂಡರೂ ಅದರ ಚಾಲಕನ ವಹಿ ಕೇಳಿರಿ, ನಿಮ್ಮದನ್ನು ತೋರಿಸಿರಿ. ನಾಲ್ಕು ತಾಲೂಕಿನ ಚಾಲಕರ ವಹಿಗಳು ಒಂದೇ ಮೇಜಿನ ಮೇಲೆ ಬಂದ ದಿನ ಮಾಲಕರು, ದಲಾಲರು, ವ್ಯಾಪಾರಿಗಳು ಎಲ್ಲರ ಮುಂದೆ ಇಡಲು ನಮ್ಮ ಬಳಿ ಲೆಕ್ಕವಿರುತ್ತದೆ. ಕೂಡಲು ಜಾಗ ಬೇಕಾದರೆ ಗಿರಣಿ ಕಾಮಗಾರರ ಸಂಘಗಳು ತಮ್ಮ ಕೋಣೆಯ ಬಾಗಿಲು ತೆರೆಯಲಿ.

ಭಾರತ ಹುಣ್ಣಿಮೆಗೆ ಊರಿಗೆ ಊರೇ ಎಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಚಾಲಕನ ಮನೆಯವರು ಅವನನ್ನು ಬಿಟ್ಟೇ ಹೋಗುತ್ತಾರೆ. ಅವನ ಹೆಸರಿನಲ್ಲಿ ಹರಕೆ ಕಟ್ಟುತ್ತಾರೆ. ಹರಕೆ ಅವರ ನಂಬಿಗೆ, ಅದು ಇರಲಿ. ಅವನನ್ನು ಎಂಟು ತಾಸಿಗೆ ಗಾಡಿಯಿಂದ ಇಳಿಸುವ ಕೆಲಸ ಮಾತ್ರ ನಮ್ಮೆಲ್ಲರದು. ಮುಂದಿನ ತಿಂಗಳಿನಿಂದಲೇ ವಹಿಗಳನ್ನು ಕೂಡಿಸಲು ಆರಂಭಿಸೋಣ.