ಕೋಡ್ ಬರೆಯುವವರ ಸಂಜೆಗಳು



1845ರ ಬೇಸಿಗೆಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಕುಳಿತು ಓದಿದ ಕಿಟಕಿಯ ಮೂಲೆ ಮ್ಯಾಂಚೆಸ್ಟರಿನ ಚೆಥಮ್ಸ್ ಗ್ರಂಥಾಲಯದಲ್ಲಿ ಇಂದಿಗೂ ಇದೆ. ಮುಂದೆ ಎಂಗೆಲ್ಸ್ ಇದೇ ಊರಿನ ಹತ್ತಿ ಕಂಪನಿಯೊಂದರಲ್ಲಿ ಸುಮಾರು ಇಪ್ಪತ್ತು ವರ್ಷ ದುಡಿದರು: ಹಗಲು ಕಚೇರಿ, ಉಳಿದ ಹೊತ್ತು ಓದುಬರಹ. ಕೋಡ್ ಬರೆದು, ಮಕ್ಕಳನ್ನು ಮಲಗಿಸಿ, ಊರಿನಿಂದ ತಂದ ಪುಸ್ತಕ ತೆರೆಯುವ ನಿಮಗೆ ಈ ಪಾಡು ಹೊಸತಲ್ಲ.

ಆದರೆ ಎಂಗೆಲ್ಸರ ತಂದೆ ಆ ಕಂಪನಿಯ ಪಾಲುದಾರ. ನಮ್ಮಲ್ಲಿ ಹಲವರು ಕಂಪನಿ ಪ್ರಾಯೋಜಿಸಿದ ವೀಸಾವನ್ನು ನಂಬಿದವರು. ಕೆಲಸ ಹೋದರೆ ಗೃಹ ಇಲಾಖೆ ಅದನ್ನು ಸಾಮಾನ್ಯವಾಗಿ 60 ದಿನಕ್ಕೆ ಮೊಟಕುಗೊಳಿಸುತ್ತದೆ. ಇಂಥಲ್ಲಿ ಸಂಬಳದ ಬಗ್ಗೆ ದನಿಯೆತ್ತುವುದು ಸುಲಭವಲ್ಲ.

ಎತ್ತಿದವರುಂಟು. 1950ರ ದಶಕದ ಆರಂಭದಲ್ಲಿ ಮ್ಯಾಂಚೆಸ್ಟರಿನ ಫೆರಾಂಟಿ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ ಮೇರಿ ಲೀ ವುಡ್ಸ್, ಹೆಂಗಸರಿಗೂ ಗಂಡಸರಷ್ಟೇ ಸಂಬಳ ಬೇಕೆಂದು ಹೋರಾಡಿ ಗೆದ್ದರು. ಅವರನ್ನು ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀಯ ತಾಯಿ ಎಂದಷ್ಟೇ ಪರಿಚಯಿಸುವುದು ಅನ್ಯಾಯ.

ಲೀಡ್ಸ್, ಬ್ರಾಡ್‌ಫರ್ಡ್ ಸೀಮೆಯ ಕಾರ್ಮಿಕರು ವರ್ಷಗಟ್ಟಲೆ ಹೋರಾಡಿದ ಮೇಲೆ, 1847ರಲ್ಲಿ ಗಿರಣಿಯ ಹೆಂಗಸರು ಮತ್ತು ಎಳೆಯರ ದುಡಿಮೆಗೆ ದಿನಕ್ಕೆ 10 ಗಂಟೆಯ ಮಿತಿ ಬಂತು. 2024ರಲ್ಲಿ ಬೆಂಗಳೂರಿನ ಐಟಿ ನೌಕರರ ದುಡಿಮೆಯನ್ನು 14 ಗಂಟೆಯವರೆಗೆ ಚಾಚುವ ಪ್ರಸ್ತಾವ ಬಂತು! ಅಲ್ಲಿನ ಐಟಿ ನೌಕರರ ಸಂಘ ಅದನ್ನು ಪ್ರತಿಭಟಿಸಿತು. ಇಲ್ಲಿಯೂ ಕಮ್ಯುನಿಕೇಶನ್ ವರ್ಕರ್ಸ್ ಯೂನಿಯನ್ನಿಗೆ 2020ರಿಂದ ತಂತ್ರಜ್ಞಾನ ಕಾರ್ಮಿಕರದೇ ಶಾಖೆಯಿದೆ. ಕನ್ನಡ ಸಂಘದ ಸದಸ್ಯರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಆ ಇನ್ನೊಂದು ಸಂಘದವರು ಎಷ್ಟು ಮಂದಿ ಎಂದು ಚಹಾದ ಹೊತ್ತಿನಲ್ಲಿ ಕೇಳುತ್ತೇನೆ.